ಮೂಲೆಯಲ್ಲಿ ನಿಂತವರ ಸಿನಿಮಾಗಳು

ಅಕ್ಕಾ, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಬರ್ತಿದ್ದಾರೆ, ಕೂತು ನೋಡೋ ಹಾಗಿರೋದು ಏನಿದೆ ಹೇಳು ಅಂದ್ರಲ್ಲ, ಸ್ವಲ್ಪ ಆ ನೀರಿನ ಪೈಪು ದಾಸವಾಳದ ಬುಡಕ್ಕೆ ಬಿಟ್ಟು ಇತ್ತ ಬನ್ನಿ. ಒಂದು ಮಾತಲ್ಲಿ ಮುಗಿಯೋದಲ್ಲ. ಎರಡು ಮೂರು ವರ್ಷದಿಂದ ಸಿಕ್ಕಿದ್ದನ್ನೆಲ್ಲ ನೋಡಿದ್ದೀನಿ, ಕೆಲವು ಥಿಯೇಟರಲ್ಲಿ, ಮಿಕ್ಕಿದ್ದು ಮನೆ ಟಿವಿಯಲ್ಲಿ. ಯಾವುದು ಹಿಡಿಸ್ತು, ಯಾವುದು ಹಿಡಿಸಲಿಲ್ಲ ಅಂತ ಹೇಳೋದಕ್ಕೆ ನನ್ನ ಹತ್ತಿರ ಒಂದೇ ಅಳತೆಗೋಲು. ಹೀರೋ ಹೇಗೆ ಬಂದ, ಎಷ್ಟು ಜನರನ್ನ ಹೊಡೆದ ಅನ್ನೋದು ನಂಗೆ ಬೇಡ. ಮೂಲೆಯಲ್ಲಿ ಟೀ ತಂದು ಇಡ್ತಾನಲ್ಲ, ಅವನು ಆ ಊರಿನವನ ಹಾಗೆ ಕಾಣ್ತಾನಾ? ಜಗಲಿ ಮೇಲೆ ಕೂತ ಮುದುಕಿ ಆ ಮನೆಯವಳೇ ಅನ್ನಿಸ್ತಾಳಾ? ಅಷ್ಟು ಸರಿ ಇದ್ದರೆ ಆ ನಿರ್ದೇಶಕರು ಮಿಕ್ಕಿದ್ದನ್ನೂ ಸರಿ ಮಾಡಿರ್ತಾರೆ. ಬೇಕಾದ್ರೆ ನೀವೇ ನೋಡಿ ಹೇಳಿ.

ಮೊದಲು ‘ಸು ಫ್ರಮ್ ಸೋ’ ಬಗ್ಗೆ ಹೇಳಿಬಿಡ್ತೀನಿ. 2025ರ ಜುಲೈ 25ಕ್ಕೆ ಬಂತು. ಹೆಸರು ಕೇಳಿ ಇದೇನು ಇಂಗ್ಲಿಷ್ ಸಿನಿಮಾನಾ ಅಂದಿದ್ರಿ ನೀವು. ಸೋಮೇಶ್ವರದ ಸುಲೋಚನಾ, ಅಷ್ಟೆ. ಕರಾವಳಿಯ ಒಂದು ಹಳ್ಳಿ, ಅಲ್ಲೊಬ್ಬ ಅಶೋಕ ಅನ್ನೋ ಹುಡುಗ. ಏನೋ ಪೇಚಿಗೆ ಸಿಕ್ಕಿ, ಅದರಿಂದ ತಪ್ಪಿಸಿಕೊಳ್ಳೋಕೆ ಮೈಮೇಲೆ ಬಂದವನ ಹಾಗೆ ಆಡ್ತಾನೆ. ಊರಿನವರು ನಂಬಿಬಿಡ್ತಾರೆ. ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಇವನನ್ನ ಹಿಡಿದಿದೆ ಅಂತ ಸುದ್ದಿ ಹಬ್ಬುತ್ತೆ. ಅಲ್ಲಿಂದ ಮುಂದೆ ಊರಿಗೆ ಊರೇ ಅದರ ಹಿಂದೆ. ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಅವರೇ ಅಶೋಕನ ಪಾತ್ರ ಮಾಡಿದ್ದಾರೆ. ದುಡ್ಡು ಹಾಕಿದವರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಕರುಣಾಕರ ಗುರೂಜಿ ಆಗಿ ಅವರೂ ಬರ್ತಾರೆ, ಬಂದು ನಗಿಸಿ ಹೋಗ್ತಾರೆ, ಆದರೆ ಸಿನಿಮಾ ತಮ್ಮದು ಮಾಡಿಕೊಳ್ಳಲ್ಲ.

ಅದರಲ್ಲಿ ನಂಗೆ ತುಂಬಾ ಹಿಡಿಸಿದ್ದು ಏನು ಗೊತ್ತಾ? ಯಾರೂ ಸುಮ್ಮನೆ ನಿಂತಿಲ್ಲ. ಒಂದು ಮನೆ ಮುಂದೆ ಹತ್ತು ಜನ ಸೇರಿದ್ದಾರೆ ಅಂದ್ಕೊಳ್ಳಿ. ಒಬ್ಬನಿಗೆ ಭಯ, ಒಬ್ಬನಿಗೆ ಸಂಶಯ, ಇನ್ನೊಬ್ಬನಿಗೆ ಊಟದ ಚಿಂತೆ, ಮತ್ತೊಬ್ಬ ಕುಡಿದಿದ್ದಾನೆ. ಬಾವ ಅಂತ ಒಬ್ಬ ಇದ್ದಾನೆ, ಅವನು ಬಂದರೆ ಸಾಕು, ಥಿಯೇಟರ್ ಪೂರ್ತಿ ಎದ್ದು ಕೂತುಬಿಡುತ್ತೆ. ಕರಾವಳಿ ಕಡೆ ಬಾವ ಅಂದ್ರೆ ಎಷ್ಟು ಸಲಿಗೆ, ಎಷ್ಟು ಮರ್ಯಾದೆ, ಎಷ್ಟು ತಲೆನೋವು ಅಂತ ನಮಗೆ ಈಚೆ ಕಡೆಯವರಿಗೂ ಅರ್ಥ ಆಗೋ ಹಾಗೆ ತೋರಿಸಿದ್ದಾರೆ. ರವಿಯಣ್ಣನ ಪಾತ್ರ ಮಾಡಿದ ಶನೀಲ್ ಗೌತಮ್ ಅವರನ್ನಂತೂ ನಾನು ಮರೆಯಲಾರೆ. ಊರಿಗೆ ಹಿರಿಯ ಅನ್ನಿಸಿಕೊಂಡವನು, ಯಾವುದಕ್ಕೂ ಹೆದರದವನು, ಅವನಿಗೇ ಒಳಗೊಳಗೆ ನಡುಕ ಹುಟ್ಟೋದು ಮುಖದಲ್ಲಿ ಕಾಣುತ್ತೆ, ಬಾಯಲ್ಲಿ ಹೇಳಲ್ಲ.

ಆಮೇಲೆ ಸುಲೋಚನಾಳ ಮಗಳು ಭಾನು ಬರ್ತಾಳೆ, ಸಂಧ್ಯಾ ಅರಕೆರೆ ಆ ಪಾತ್ರ ಮಾಡಿದ್ದಾರೆ. ಅಲ್ಲಿವರೆಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದ್ದವರು ಸುಮ್ಮನಾಗ್ತಾರೆ. ದೆವ್ವಕ್ಕೆ ಹೆದರೋ ಊರು, ಪಕ್ಕದ ಊರಲ್ಲಿ ಒಬ್ಬ ಹೆಣ್ಣುಮಗಳು ಬದುಕಿರೋವಾಗಲೇ ಪಡೋ ಕಷ್ಟ ನೋಡಲ್ಲ ಅನ್ನೋದನ್ನ ಭಾಷಣ ಮಾಡದೆ ಹೇಳಿದ್ದಾರೆ. ಕೊನೆ ಹೊತ್ತಿಗೆ ಸ್ವಲ್ಪ ಅವಸರ ಆಯ್ತು ಅನ್ನಿಸ್ತು ನಂಗೆ, ಆ ಹುಡುಗಿಗೆ ಇನ್ನೊಂದು ಹತ್ತು ನಿಮಿಷ ಕೊಡಬೇಕಿತ್ತು. ಆದರೂ ಹೇಳ್ತೀನಿ, ಇತ್ತೀಚಿನ ವರ್ಷಗಳಲ್ಲಿ ಥಿಯೇಟರಲ್ಲಿ ಗುರುತು ಪರಿಚಯ ಇಲ್ಲದವರ ಜೊತೆ ಕೂತು ಹಾಗೆ ನಕ್ಕಿದ್ದು ನಂಗೆ ನೆನಪಿಲ್ಲ. ದೊಡ್ಡ ಸ್ಟಾರ್ ಒಬ್ಬರೂ ಇಲ್ಲ, ಜನ ಜನರಿಗೆ ಹೇಳಿ ಹೇಳಿ ಓಡಿದ ಸಿನಿಮಾ. ನೂರು ಕೋಟಿ ದಾಟಿದೆ ಅಂತ ಪೇಪರಲ್ಲೂ ಬಂತು.

ಅದರಲ್ಲಿ ಚಂದ್ರನ ಪಾತ್ರ ಮಾಡಿದ ಪ್ರಕಾಶ್ ತುಮಿನಾಡು ನಿಮಗೆ ನೆನಪಿದ್ದರೆ, ‘ಮಿಥ್ಯ’ ನೋಡಲೇಬೇಕು. ಅದೇ ಮನುಷ್ಯ, ಅಲ್ಲಿ ನಗಿಸಿದವರು, ಇಲ್ಲಿ ಗಂಟಲು ಕಟ್ಟಿಸ್ತಾರೆ. ಸುಮಂತ್ ಭಟ್ ಅವರ ಸಿನಿಮಾ, ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯದ್ದು, 2025ರ ಮಾರ್ಚಲ್ಲಿ ಬಂತು. ಮುಂಬೈಯಲ್ಲಿದ್ದ ಹನ್ನೊಂದು ವರ್ಷದ ಹುಡುಗ ಮಿಥುನ್. ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡು ಉಡುಪಿ ಕಡೆ ಬಂಧುಗಳ ಮನೆಗೆ ಬರ್ತಾನೆ. ಆ ಸಾವಿನ ಬಗ್ಗೆ ಸುತ್ತ ಜನ ಏನೇನೋ ಆಡಿಕೊಳ್ತಾರೆ, ಅದು ಹುಡುಗನ ಕಿವಿಗೂ ಬೀಳುತ್ತೆ. ಅವನು ಅಳಲ್ಲ. ಅತ್ತಿದ್ದರೆ ಮನೆಯವರಿಗೂ ಸುಲಭ ಆಗ್ತಿತ್ತು, ನಮಗೂ ಆಗ್ತಿತ್ತು. ಅವನು ಗಟ್ಟಿಯಾಗಿ ಮುಖ ಬಿಗಿದುಕೊಂಡು ಓಡಾಡ್ತಾನೆ, ಮನೆ ಯಜಮಾನ ಅವನಿಗೆ ಏನು ಹೇಳಬೇಕು ಅಂತ ಗೊತ್ತಾಗದೆ ಪಕ್ಕದಲ್ಲಿ ಸುಮ್ಮನೆ ನಿಲ್ತಾನೆ. ಆ ಸುಮ್ಮನೆ ನಿಲ್ಲೋದಿದೆಯಲ್ಲ ಅಕ್ಕಾ, ನಮ್ಮ ಮನೆ ಗಂಡಸರು ಎಷ್ಟು ಸಾವಿನ ಮನೆಗಳಲ್ಲಿ ಹಾಗೆ ನಿಂತಿಲ್ಲ! ಆತೀಶ್ ಶೆಟ್ಟಿ ಅನ್ನೋ ಆ ಹುಡುಗನ ಅಭಿನಯ ನೋಡಿದ ಮೇಲೆ, ಮಕ್ಕಳ ಕೈಲಿ ದೊಡ್ಡವರ ಮಾತು ಹೇಳಿಸೋ ಸಿನಿಮಾಗಳು ನಂಗೆ ನೋಡೋಕಾಗಲ್ಲ. ಮೊಮ್ಮಕ್ಕಳ ಜೊತೆ ನೋಡಬೇಡಿ, ಅವರಿಗೆ ಭಾರ ಆಗುತ್ತೆ. ನೀವೂ ಭಾವನೂ ಕೂತು ನೋಡಿ.

ಇನ್ನು ‘ಶಿವಮ್ಮ’. ಪೂರ್ತಿ ಹೆಸರು ‘ಶಿವಮ್ಮ ಯರೇಹಂಚಿನಾಳ’. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ಜೈಶಂಕರ್ ಆರ್ಯರ್ ಮಾಡಿದ್ದು, ರಿಷಬ್ ಶೆಟ್ಟಿ ನಿರ್ಮಾಪಕರು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ನಮ್ಮೂರ ಥಿಯೇಟರಿಗೆ ಬಂದಿದ್ದು 2024ರ ಜೂನಲ್ಲಿ. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡೋ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕು. ಶಕ್ತಿ ಬರೋ ಪುಡಿ ಅಂತ ಮಾರಿಸ್ತಾರಲ್ಲ, ಒಬ್ಬರು ಇಬ್ಬರನ್ನ ಸೇರಿಸಬೇಕು, ಆ ಇಬ್ಬರು ಇನ್ನಿಬ್ಬರನ್ನ ಸೇರಿಸಬೇಕು ಅನ್ನೋ ವ್ಯಾಪಾರ, ಅದಕ್ಕೆ ಇವಳು ಮದುವೆಗೆ ಕೂಡಿಟ್ಟ ದುಡ್ಡು ಹಾಕ್ತಾಳೆ. ಆ ವ್ಯಾಪಾರದ ಹೆಂಗಸರು ನಮ್ಮ ಬೀದಿಗೂ ಬಂದಿದ್ರು, ನಿಮಗೂ ಗೊತ್ತು. ನಯವಾಗಿ ಮಾತಾಡಿ, ಅಕ್ಕಾ ಅಕ್ಕಾ ಅಂತ ಒಳಗೆ ಬಂದು ಕೂತು, ಡಬ್ಬ ಕೈಗಿಟ್ಟು ಹೋಗ್ತಾರೆ.

ಸಿನಿಮಾ ಎಲ್ಲಿ ಗೆಲ್ಲುತ್ತೆ ಅಂದ್ರೆ, ಶಿವಮ್ಮನನ್ನ ಮೋಸ ಹೋದ ಪೆದ್ದಿ ಅಂತ ತೋರಿಸಲ್ಲ. ಅವಳಿಗೆ ಆಸೆ ಇದೆ, ಹಟ ಇದೆ, ತಾನು ಏನೋ ಮಾಡಬಲ್ಲೆ ಅನ್ನೋ ಹೆಮ್ಮೆ ಇದೆ. ಊರವರು ಬಾಗಿಲು ಹಾಕಿಕೊಂಡರೂ ಮತ್ತೆ ಹೋಗಿ ತಟ್ಟುತ್ತಾಳೆ. ಬಿಸಿಲಲ್ಲಿ ಚೀಲ ಹೊತ್ತು ನಡೆಯೋ ಆ ನಡಿಗೆಯನ್ನ ಯಾವ ನಟನಾ ಶಾಲೆಯಲ್ಲೂ ಕಲಿಸೋಕಾಗಲ್ಲ. ಶರಣಮ್ಮ ಚೆಟ್ಟಿ ಅನ್ನೋರು ಶಿವಮ್ಮ ಆಗಿದ್ದಾರೆ, ಸುತ್ತ ಇರೋರು ಹೆಚ್ಚಿನಂಶ ಆ ಸೀಮೆಯ ಜನರೇ. ಅವರು ಬೈಯೋದು, ಸಮಾಧಾನ ಮಾಡೋದು, ಸಾಲ ಕೇಳೋದು ಎಲ್ಲ ಆ ಸೀಮೆಯ ಮಾತಲ್ಲೇ. ನಮಗೆ ಮೈಸೂರು ಕಡೆಯವರಿಗೆ ಮೊದಲ ಹತ್ತು ನಿಮಿಷ ಕಿವಿ ಕೊಟ್ಟು ಕೇಳಬೇಕಾಗುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ. ಎಷ್ಟೋ ವರ್ಷ ನಮ್ಮ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಬರೀ ನಗಿಸೋಕೆ ಬರ್ತಿತ್ತು. ಇಲ್ಲಿ ಅದೇ ಮಾತಲ್ಲಿ ಒಬ್ಬ ತಾಯಿ ತನ್ನ ಲೆಕ್ಕ ಒಪ್ಪಿಸ್ತಾಳೆ. ನನ್ನ ಮಟ್ಟಿಗೆ ಈ ಮೂರು ವರ್ಷದ ಅತಿ ಒಳ್ಳೆ ಕನ್ನಡ ಸಿನಿಮಾ ಇದೇ. ಅದನ್ನ ನೋಡಿದ ದಿನ ಹಾಲ್ ಅರ್ಧಕ್ಕರ್ಧ ಖಾಲಿ ಇತ್ತು ಅನ್ನೋದು ಈಗಲೂ ಸಂಕಟ ನಂಗೆ.

‘ಶಾಖಾಹಾರಿ’ ನೋಡಿದ್ರಾ? ಹೆಸರು ನೋಡಿ ಅಡುಗೆ ಕಾರ್ಯಕ್ರಮ ಅಂದ್ಕೊಂಡು ಬಿಟ್ಟುಬಿಟ್ಟವರು ಬಹಳ ಜನ. 2024ರ ಫೆಬ್ರವರಿ, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಒಂದು ಸಣ್ಣ ಊರಲ್ಲಿ ಸುಬ್ಬಣ್ಣ ಅನ್ನೋರದ್ದು ಸಸ್ಯಾಹಾರಿ ಹೋಟೆಲು. ಒಂದು ರಾತ್ರಿ ಗಾಯ ಆದ ಹುಡುಗ ಒಬ್ಬ ಅಲ್ಲಿಗೆ ಬಂದು ಸೇರ್ತಾನೆ, ಪೊಲೀಸರು ಅವನನ್ನ ಹುಡುಕ್ತಿದ್ದಾರೆ. ಮುಂದೆ ಹೇಳಲ್ಲ. ರಂಗಾಯಣ ರಘು ಅವರನ್ನ ನಾವು ಎಷ್ಟೋ ಸಿನಿಮಾದಲ್ಲಿ ಕೂಗಾಡೋದಕ್ಕೆ, ಕುಣಿಯೋದಕ್ಕೆ ಮಾತ್ರ ನೋಡಿದ್ದೀವಿ. ಇಲ್ಲಿ ಅವರು ಬೆಳಿಗ್ಗೆ ಎದ್ದು ಒಲೆ ಹಚ್ಚೋದು, ಹಿಟ್ಟು ನೋಡೋದು, ಕಾವಲಿ ಒರೆಸೋದು, ಗಿರಾಕಿ ಜೊತೆ ಎರಡು ಮಾತಾಡೋದು, ಎಲ್ಲ ಎಷ್ಟು ಹಗುರಾಗಿದೆ ಅಂದ್ರೆ ಆ ಹೋಟೆಲಲ್ಲಿ ನಾವೂ ಒಂದು ದೋಸೆ ತಿಂದು ಬಂದಿದ್ದೀವಿ ಅನ್ನಿಸುತ್ತೆ. ಅಂಥ ಕೈ ಮುಂದೆ ಏನು ಮಾಡಬೇಕಾಗಿ ಬರುತ್ತೆ ಅನ್ನೋದೇ ಕಥೆಯ ಭಯ. ಸಬ್ ಇನ್ಸ್‌ಪೆಕ್ಟರ್ ಆಗಿರೋ ಗೋಪಾಲಕೃಷ್ಣ ದೇಶಪಾಂಡೆ ಅವರಿಗೂ ಮನೆ ಚಿಂತೆ ಇದೆ, ದಣಿವು ಇದೆ. ಇಬ್ಬರು ದಣಿದ ಮನುಷ್ಯರು ಎದುರುಬದುರು ಕೂತು ಮಾತಾಡೋದನ್ನೇ ಸಸ್ಪೆನ್ಸ್ ಮಾಡಿದ್ದಾರೆ. ಮಳೆಗಾಲದ ರಾತ್ರಿ, ಮಕ್ಕಳು ಮಲಗಿದ ಮೇಲೆ ನೋಡೋಕೆ ಇದಕ್ಕಿಂತ ಒಳ್ಳೇದು ಬೇಕಿಲ್ಲ.

ನಿಮ್ಮ ಮಗಳಿಗೆ ‘ಸಪ್ತ ಸಾಗರದಾಚೆ ಎಲ್ಲೋ’ ಇಷ್ಟ ಅಂದಿದ್ರಿ. ನಂಗೂ ಇಷ್ಟ, ಆದರೆ ಸೈಡ್ ಎ ಮಾತ್ರ. ಹೇಮಂತ್ ರಾವ್ ಅವರು 2023ರಲ್ಲಿ ಒಂದೇ ಕಥೆಯನ್ನ ಎರಡು ಸಿನಿಮಾ ಮಾಡಿ ಬಿಟ್ರು, ಒಂದು ಸೆಪ್ಟೆಂಬರಲ್ಲಿ, ಇನ್ನೊಂದು ನವೆಂಬರಲ್ಲಿ. ಮನು ಕಾರ್ ಡ್ರೈವರ್, ಪ್ರಿಯಾ ಹಾಡೋ ಹುಡುಗಿ. ಒಂದು ಮನೆ ಮಾಡೋ ಆಸೆಗೆ ಬೇರೆಯವರ ತಪ್ಪನ್ನ ಮನು ತನ್ನ ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗ್ತಾನೆ. ಆ ಜೈಲಿನ ಭೇಟಿಗಳಿವೆಯಲ್ಲ, ಗಲಾಟೆ ನಡುವೆ ನಿಂತು ಒಬ್ಬರ ಮುಖ ಒಬ್ಬರು ಓದಿಕೊಳ್ಳೋದು, ರುಕ್ಮಿಣಿ ವಸಂತ್ ಅವರ ಕಣ್ಣು ನೋಡಿದ್ರೆ ಸಾಕು, ಸಂಭಾಷಣೆ ಬೇಕಾಗಲ್ಲ. ಚರಣ್ ರಾಜ್ ಸಂಗೀತವೂ ಹಾಗೇ, ಮನೆಗೆ ಬಂದ ಮೇಲೂ ಬಿಡಲ್ಲ. ಸೈಡ್ ಬಿ ಬರೋ ಹೊತ್ತಿಗೆ ಮನು ಹೊರಗೆ ಬಂದು ಹಳೆಯದರ ಹಿಂದೆ ಸುತ್ತೋದೇ ಜಾಸ್ತಿ ಆಯ್ತು. ಬೇರೆಯವರ ಹೆಂಡತಿಯಾದವಳ ಬದುಕಿನ ಹತ್ತಿರ ಹಾಗೆ ಕದ್ದು ನೋಡೋದನ್ನ ಪ್ರೀತಿ ಅಂತ ಒಪ್ಪಿಕೊಳ್ಳೋಕೆ ನಂಗೆ ಆಗಲಿಲ್ಲ. ಅದರಲ್ಲಿ ಉಳಿದಿದ್ದು ಸುರಭಿ ಪಾತ್ರದ ಚೈತ್ರಾ ಆಚಾರ್. ನಿಮ್ಮ ಮಗಳು ಒಪ್ಪಲ್ಲ ಗೊತ್ತು, ಬಂದಾಗ ಕಳಿಸಿ ಇತ್ತ, ಜಗಳ ಆಡ್ತೀನಿ.

‘ಕಾಂತಾರ ಚಾಪ್ಟರ್ 1’ ಬಗ್ಗೆ ಎಲ್ಲರೂ ಎಲ್ಲ ಹೇಳಿ ಆಗಿದೆ. 2025ರ ಅಕ್ಟೋಬರ್ 2ಕ್ಕೆ ಬಂತು, ಕದಂಬರ ಕಾಲದ ಕಥೆ. ಕಾಡು, ಕೋಟೆ, ಯುದ್ಧ ಎಲ್ಲ ದೊಡ್ಡದಾಗಿದೆ, ಅಷ್ಟು ದೊಡ್ಡದನ್ನ ನಮ್ಮವರೇ ಮಾಡಿದ್ದಾರೆ ಅನ್ನೋ ಹೆಮ್ಮೆ ನಂಗೂ ಇದೆ. ದೈವ ಮೈದುಂಬೋ ದೃಶ್ಯಗಳಲ್ಲಿ ರಿಷಬ್ ಶೆಟ್ಟಿ ಎದುರು ಇನ್ಯಾರೂ ನಿಲ್ಲಲ್ಲ. ಆದರೂ 2022ರ ಕಾಂತಾರದ ಊರು ನಂಗೆ ಇನ್ನೂ ಹತ್ತಿರ. ಆ ಊರಲ್ಲಿ ಕಂಬಳ ಮುಗಿಸಿ ಬಂದವರಿದ್ರು, ಮೀನು ಸಾರಿತ್ತು, ಅರಣ್ಯ ಇಲಾಖೆಯವರ ಜೊತೆ ಜಗಳ ಇತ್ತು, ಧಣಿಗಳ ಮನೆ ಜಗಲಿಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋ ಲೆಕ್ಕ ಇತ್ತು. ಹೊಸದರಲ್ಲಿ ಹಾಗೆ ಗುರುತು ಹಿಡಿಯೋ ಮುಖಗಳು ಕಮ್ಮಿ. ಒಂದು ಸಲ ದೊಡ್ಡ ಪರದೆಯಲ್ಲಿ ನೋಡಲೇಬೇಕು, ಮನೆ ಟಿವಿಯಲ್ಲಿ ಎರಡನೇ ಸಲ ನೋಡೋದಾದ್ರೆ ನಾನು ಹಳೆಯದನ್ನೇ ಹಾಕ್ತೀನಿ.

ಮಿಕ್ಕಿದ್ದು ಬೇಗ ಹೇಳ್ತೀನಿ, ನಿಮ್ಮ ಕುಕ್ಕರ್ ಕೂಗ್ತಿದೆ. ‘ಮ್ಯಾಕ್ಸ್’: ಒಂದೇ ರಾತ್ರಿಯ ಕಥೆ, ಸುದೀಪ್ ಚೆನ್ನಾಗಿದ್ದಾರೆ, ಓಟ ನಿಲ್ಲಲ್ಲ, ಮಾರನೇ ದಿನ ನೆನಪೂ ಇರಲ್ಲ. ‘ಯುಐ’: ಉಪೇಂದ್ರ ತಲೆಯಲ್ಲಿ ಹತ್ತು ಸಿನಿಮಾಗೆ ಆಗೋವಷ್ಟು ವಿಚಾರ ಇದೆ, ಎಲ್ಲವನ್ನೂ ಒಂದಕ್ಕೇ ತುಂಬಿದ್ದಾರೆ, ಮನಸ್ಸಿಗೆ ತಾಕೋ ಮನುಷ್ಯ ಒಬ್ಬನೂ ಸಿಗಲಿಲ್ಲ. ‘ಭೀಮ’: ಗಾಂಜಾ, ಮಾತ್ರೆಗಳ ಕೈಗೆ ಸಿಕ್ಕ ಹುಡುಗರ ಬಗ್ಗೆ ದುನಿಯಾ ವಿಜಯ್ ಅವರ ಕಾಳಜಿ ನಿಜ, ರಕ್ತ ಅತಿ. ‘ಏಳುಮಲೆ’: ಮಲೆ ಮಹದೇಶ್ವರ ಬೆಟ್ಟದ ದಾರಿ, ಗಡಿ, ವೀರಪ್ಪನ್ ಕಾಲದ ಭಯ, ಅದರ ನಡುವೆ ಒಂದು ಪ್ರೇಮ. ಹೊಸಬರು ಶ್ರದ್ಧೆಯಿಂದ ಮಾಡಿದ್ದಾರೆ, ನೋಡಬಹುದು. ಮಲಯಾಳದ ‘ಲೋಕಾ’ ಬಗ್ಗೆ ಅಳಿಯ ಹೇಳಿರಬೇಕು. ಯಕ್ಷಿಯ ಕಥೆ, ನಡೆಯೋದು ನಮ್ಮ ಬೆಂಗಳೂರಲ್ಲೇ. ನಮ್ಮಲ್ಲೂ ಯಕ್ಷಿ ಕಥೆಗೇನು ಬರ, ಅದನ್ನ ಹೊಸ ಕಾಲದ ಹುಡುಗಿಯ ಕಥೆ ಮಾಡೋ ಧೈರ್ಯ ನಮ್ಮವರಿಗೂ ಬರಲಿ ಅನ್ನಿಸ್ತು. ಬೆಂಗಳೂರು ಹುಡುಗಿಯರ ಬಗ್ಗೆ ಒಂದು ಕೆಟ್ಟ ಮಾತಿತ್ತು, ಜನ ಬೇಜಾರು ಮಾಡಿಕೊಂಡ ಮೇಲೆ ಕ್ಷಮೆ ಕೇಳಿದ್ರು, ಅದು ಸರಿಯಾದ ಕೆಲಸ.

ಮೊಮ್ಮಕ್ಕಳಿಗೆ ಅಂತ ಕೇಳಿದ್ರೆ ನಾನು ಕಣ್ಣು ಮುಚ್ಚಿ ಹೇಳೋದು ‘ಡೇರ್‌ಡೆವಿಲ್ ಮುಸ್ತಫಾ’. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿರೋ ಕಥೆ. ಶಶಾಂಕ್ ಸೋಗಾಲ್ ಅನ್ನೋ ಹೊಸ ಹುಡುಗ ಅದನ್ನ ಸಿನಿಮಾ ಮಾಡಬೇಕು ಅಂತ ಹೊರಟಾಗ ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿದ್ರು. ನಟ ಧನಂಜಯ ಅರ್ಪಿಸಿದ್ರು, 2023ರ ಮೇ ತಿಂಗಳಲ್ಲಿ ಬಿಡುಗಡೆ ಆಯ್ತು. ಹಿಂದೂ ಹುಡುಗರೇ ತುಂಬಿರೋ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರ್ತಾನೆ. ಅವನ ಬುತ್ತಿ, ಅವನ ಟೋಪಿ, ಅವನ ಉರ್ದು, ಎಲ್ಲವೂ ಮಿಕ್ಕವರಿಗೆ ಕುತೂಹಲ, ಸಂಶಯ. ಕೊನೆಗೆ ಮೈದಾನದಲ್ಲಿ ಕ್ರಿಕೆಟ್. ಒಬ್ಬರನ್ನೊಬ್ಬರು ನೋಡದೇ ಇರೋದರಿಂದ ಹುಟ್ಟೋ ಭಯ ಎಷ್ಟು ಸುಳ್ಳು ಅನ್ನೋದು ಮಕ್ಕಳಿಗೂ ಅರ್ಥ ಆಗುತ್ತೆ, ಅದೂ ನಗುನಗುತ್ತಾ. ಕ್ರಿಕೆಟ್ ಭಾಗ ಸ್ವಲ್ಪ ಉದ್ದ ಅಂತ ನೀವು ಅನ್ನಬಹುದು. ಮಕ್ಕಳು ಅನ್ನಲ್ಲ. ಈಗಿನ ದಿನಗಳಲ್ಲಿ ಇಂಥ ಸಿನಿಮಾ ಒಂದು ಮನೆಯವರೆಲ್ಲ ಕೂತು ನೋಡಲೇಬೇಕು ಅಂತ ನಾನು ಕೈ ಮುಗಿದು ಕೇಳ್ತೀನಿ.

ಟಿವಿ ಧಾರಾವಾಹಿ ವಿಷಯಕ್ಕೆ ಬಂದ್ರೆ ನಿಮಗೇ ನನಗಿಂತ ಹೆಚ್ಚು ಗೊತ್ತು. ಉಮಾಶ್ರೀ ಅವರು ‘ಪುಟ್ಟಕ್ಕನ ಮಕ್ಕಳು’ ಶುರು ಮಾಡಿದಾಗ, 2021ರ ಕೊನೆಯಲ್ಲಿ, ನಾನು ಸಂಜೆ ಕೆಲಸ ಬಿಟ್ಟು ಕೂತಿದ್ದೂ ಉಂಟು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರ ಪ್ರಶಸ್ತಿ ಪಡೆದ ಕಲಾವಿದೆ, ಮೆಸ್ ನಡೆಸೋ ತಾಯಿಯಾಗಿ ಒಂದು ಸೆರಗು ಸಿಕ್ಕಿಸೋದರಲ್ಲೇ ಎಷ್ಟೊಂದು ಹೇಳ್ತಿದ್ರು. ‘ಅಮೃತಧಾರೆ’ಯಲ್ಲೂ ವಯಸ್ಸು ಮೀರಿದ ಮೇಲೆ ಮದುವೆ ಆದವರ ಸಂಕೋಚವನ್ನ ರಾಜೇಶ್ ನಟರಂಗ, ಛಾಯಾ ಸಿಂಗ್ ಚೆನ್ನಾಗಿ ತಂದಿದ್ರು. ತೊಂದರೆ ಎಲ್ಲಿ ಅಂದ್ರೆ, ಕಥೆಗೆ ಮುಗಿಯೋ ಹಕ್ಕಿಲ್ಲ. ನೂರು ಕಂತಿಗೆ ಸರಿಹೋಗೋ ಕಥೆಯನ್ನ ಸಾವಿರ ಕಂತಿಗೆ ಎಳೆದಾಗ ಒಳ್ಳೆ ಪಾತ್ರಗಳೇ ಮೊದಲು ಕೆಡ್ತವೆ. ನಿನ್ನೆವರೆಗೆ ವಿವೇಕ ಇದ್ದ ಅತ್ತೆಗೆ ಇವತ್ತು ಇದ್ದಕ್ಕಿದ್ದ ಹಾಗೆ ಕಿವಿ ಹಿತ್ತಾಳೆ ಆಗುತ್ತೆ, ವಿಷ ಹಾಕೋ ನಾದಿನಿ ಬರ್ತಾಳೆ, ಅಪಘಾತ ಆಗುತ್ತೆ. ಆ ಕಲಾವಿದರಿಗೆ ನಾವು ಅನ್ಯಾಯ ಮಾಡ್ತಿದ್ದೀವಿ ಅನ್ನಿಸುತ್ತೆ ನಂಗೆ.

ಅದಕ್ಕೇ ನಾನು ಏಳೆಂಟು ಕಂತಿನ ಸರಣಿಗಳ ಕಡೆ ವಾಲಿದ್ದು. ಇಂಗ್ಲೆಂಡಿನ ‘ಅಡೋಲೆಸೆನ್ಸ್’ 2025ರ ಮಾರ್ಚಲ್ಲಿ ಬಂತು, ಬರೀ ನಾಲ್ಕು ಕಂತು. ಹದಿಮೂರು ವರ್ಷದ ಹುಡುಗನ ಮೇಲೆ ಕೊಲೆ ಆರೋಪ. ಒಂದೊಂದು ಕಂತನ್ನೂ ಕ್ಯಾಮೆರಾ ನಿಲ್ಲಿಸದೆ ಒಂದೇ ಏಟಿಗೆ ತೆಗೆದಿದ್ದಾರೆ. ಮೂರನೇ ಕಂತು ಒಂದು ಕೋಣೆ, ಒಂದು ಮೇಜು, ಹುಡುಗ ಮತ್ತು ಮನೋವಿಜ್ಞಾನಿ ಹೆಂಗಸು, ಅಷ್ಟೇ. ಮೈ ನಡುಗುತ್ತೆ. ಹದಿಹರೆಯದ ಮಗ ಇರೋ ಮನೆಯ ಅಪ್ಪ ಅಮ್ಮ ಇಬ್ಬರೂ ನೋಡಬೇಕು, ಮಗನ ಫೋನಲ್ಲಿ ಏನಿದೆ ಅಂತ ಬೈಯೋದಕ್ಕಿಂತ ಮುಂಚೆ. ಹುಡುಗನಾಗಿ ಮಾಡಿದ ಓವನ್ ಕೂಪರ್‌ಗೆ ಹದಿನೈದನೇ ವಯಸ್ಸಿಗೆ ಎಮ್ಮಿ ಪ್ರಶಸ್ತಿ ಬಂತು, ಬರಬೇಕಾದ್ದೇ. ಹಿಂದಿಯ ‘ಪಂಚಾಯತ್’ ಮೊದಲ ಎರಡು ಸೀಸನ್ ಅಪ್ಪಟ ಬಂಗಾರ. ನಾಲ್ಕನೆಯದರಲ್ಲಿ ಚುನಾವಣೆ ಗಲಾಟೆಯೇ ತುಂಬಿ, ಕಥೆ ನಡೆಯೋ ಫುಲೇರಾ ಹಳ್ಳಿಯ ಆ ನಿಧಾನ ಕಳೆದುಹೋಯ್ತು.

ನಮ್ಮಲ್ಲಿ ಏನಿದೆ ಅಂತೀರಾ? ಇದೆ, ನೋಡೋರು ಕಮ್ಮಿ. ‘ಅಯ್ಯನ ಮನೆ’ 2025ರ ಏಪ್ರಿಲಲ್ಲಿ ಜೀ5ರಲ್ಲಿ ಬಂತು, ರಮೇಶ್ ಇಂದಿರಾ ನಿರ್ದೇಶನ, ಚಿಕ್ಕ ಚಿಕ್ಕ ಕಂತು. ಚಿಕ್ಕಮಗಳೂರು ಕಡೆಯ ಹಳೇ ಮನೆಗೆ ಸೊಸೆಯಾಗಿ ಬರೋ ಜಾಜಿ, ಆ ಮನೆಯ ಸಾವುಗಳ ಗುಟ್ಟು. ಮನೆಯ ಕತ್ತಲೆ ಕೋಣೆ, ದೇವರ ಮುಂದಿನ ಭಯ ಎಲ್ಲ ಚೆನ್ನಾಗಿ ಬಂದಿದೆ, ಕೊನೆಯ ಕಂತಲ್ಲಿ ಎಲ್ಲವನ್ನೂ ಬಾಯಲ್ಲಿ ಹೇಳಿ ಮುಗಿಸಿದ್ದು ಹಿಡಿಸಲಿಲ್ಲ. ಶಿರಸಿ ಸೀಮೆಯ ನಿಧಿ ಬೇಟೆ ‘ಮಾರಿಗಲ್ಲು’ ಕೂಡ ಒಂದು ಸಲ ನೋಡಬಹುದು, ಅಲ್ಲೂ ರಂಗಾಯಣ ರಘು ಇದ್ದಾರೆ.

ನಾನು ಎದೆ ಮುಟ್ಟಿ ಹೇಳೋದು ‘ಏಕಂ’ ಬಗ್ಗೆ. ಏಳು ಕಂತು, ಏಳು ಬೇರೆ ಬೇರೆ ಕಥೆ, ಎಲ್ಲ ಕರಾವಳಿಯದ್ದು. ‘ಮಿಥ್ಯ’ ಮಾಡಿದ ಸುಮಂತ್ ಭಟ್ ಅವರೂ ಸಂದೀಪ್ ಅವರೂ ಸೇರಿ ಕಟ್ಟಿದ್ದು, ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ್ರು. ಒಂದು ಕಥೆಯಲ್ಲಿ ಪ್ರಕಾಶ್ ರಾಜ್, ಒಂದರಲ್ಲಿ ರಾಜ್ ಬಿ. ಶೆಟ್ಟಿ. ಮಾಡಿ ಮುಗಿಸಿ ವರ್ಷಗಟ್ಟಲೆ ಕಾದ್ರೂ ದೊಡ್ಡ ಒಟಿಟಿಗಳು ತಗೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ಕ್ಕೆ ತಮ್ಮದೇ ವೆಬ್‌ಸೈಟ್ ಮಾಡಿ ಅಲ್ಲಿ ಬಿಟ್ರು. ಯೋಚನೆ ಮಾಡಿ, ಮಲಯಾಳ, ತಮಿಳು, ತೆಲುಗು ಸರಣಿಗಳಿಗೆ ಇರೋ ಜಾಗ, ಕೋಟಿಗಟ್ಟಲೆ ಜನ ಆಡೋ ಕನ್ನಡದ ಸರಣಿಗೆ ಸಿಗಲಿಲ್ಲ. ನಮ್ಮವರು ನೋಡಲ್ಲ, ನೋಡಿದ್ರೂ ದುಡ್ಡು ಕೊಟ್ಟು ನೋಡಲ್ಲ ಅನ್ನೋ ಲೆಕ್ಕ ಅವರದ್ದು. ಆ ಲೆಕ್ಕ ತಪ್ಪು ಅಂತ ತೋರಿಸೋದು ನಮ್ಮ ಕೈಲೇ ಇದೆ. ಸಣ್ಣ ಕಥೆ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರ್ತೀವಲ್ಲ, ‘ಏಕಂ’ ಒಂದು ಕಂತು ಮುಗಿದ ಮೇಲೆ ಹಾಗೇ ಆಗುತ್ತೆ.

ಅಕ್ಕಾ, ಶಂಕರ್ ನಾಗ್ 1980ರ ದಶಕದಲ್ಲೇ ಆಗುಂಬೆಯಲ್ಲಿ ಕೂತು ‘ಮಾಲ್ಗುಡಿ ಡೇಸ್’ ಮಾಡಿ ದೂರದರ್ಶನದಲ್ಲಿ ದೇಶಕ್ಕೆಲ್ಲ ತೋರಿಸಿದ್ರು. ಸ್ವಾಮಿ ಆಗಿದ್ದ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆಗುಂಬೆಯ ದೊಡ್ಡಮನೆಯ ಕಂಬಗಳು ಇವತ್ತೂ ಜನಕ್ಕೆ ನೆನಪಿವೆ. ಅದು ಹಿಂದಿ, ಇಂಗ್ಲಿಷಲ್ಲಿ ಬಂದರೂ ಮಾಡಿದ ಕೈಗಳು ನಮ್ಮವು, ಮಳೆ ನಮ್ಮದು. ಕಂತು ಕಂತಾಗಿ ಸಣ್ಣ ಕಥೆ ಹೇಳೋದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಜಾಗ ಬೇಕು, ನೋಡೋರು ಬೇಕು.

ಥಿಯೇಟರ್ ದುಬಾರಿ ಅಂತೀರಿ, ನಿಜ. ಮನೆಯವರೆಲ್ಲ ಮಲ್ಟಿಪ್ಲೆಕ್ಸಿಗೆ ಹೋದ್ರೆ ಟಿಕೆಟು, ಪಾಪ್‌ಕಾರ್ನು ಸೇರಿ ತಿಂಗಳ ಹಾಲಿನ ದುಡ್ಡು ಹೋಗುತ್ತೆ. 2025ರ ಸೆಪ್ಟೆಂಬರಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದಾಗ ನಾನೂ ಖುಷಿ ಪಟ್ಟೆ, ಅದಕ್ಕೆ ಹೈಕೋರ್ಟ್ ತಡೆ ಕೊಡ್ತು. ಹಾಗಂತ ಎಲ್ಲದಕ್ಕೂ ಹೋಗಿ ಅನ್ನಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಆರಿಸಿಕೊಳ್ಳಿ. ಹೊಸಬರದ್ದು, ಹೀರೋ ಹೆಸರು ಯಾರಿಗೂ ಗೊತ್ತಿಲ್ಲದ್ದು, ನೋಡಿ ಬಂದವರು ಒಳ್ಳೇದಿದೆ ಅಂದಿದ್ದು. ಅಂಥದ್ದಕ್ಕೆ ನಮ್ಮಲ್ಲಿ ಬೆಳಗಿನ ಒಂದು ಆಟವೋ, ಮಧ್ಯಾಹ್ನದ ಒಂದು ಆಟವೋ ಕೊಟ್ಟಿರ್ತಾರೆ, ಆ ಹೊತ್ತಿಗೆ ಯಾರಿಗೂ ಬಿಡುವಿರಲ್ಲ. ಮುಂದಿನ ವಾರ ಹೋಗೋಣ ಬಿಡು ಅಂತ ಮುಂದೂಡಬೇಡಿ. ಶುಕ್ರವಾರ ಬಿಡುಗಡೆ ಆದ ಸಣ್ಣ ಸಿನಿಮಾದ ಹಣೆಬರಹ ಭಾನುವಾರ ರಾತ್ರಿಗೆ ತೀರ್ಮಾನ ಆಗುತ್ತೆ, ಸೋಮವಾರ ಆ ಪರದೆ ಮೇಲೆ ಬೇರೆ ಸಿನಿಮಾ ಓಡ್ತಿರುತ್ತೆ.